ಬೇಸಿಗೆಯ ತಾಪ ಮತ್ತು ವಾಹನಗಳ ಟೈರುಗಳ ಗಾಳಿಯ ಒತ್ತಡ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ರಾಜ್ಯದಲ್ಲಿ ಮಾರ್ಚ್ ತಿಂಗಳಿನಿಂದ ಮೇ ತಿಂಗಳ ಅಂತ್ಯದವರೆಗಿನ ಅವಧಿಯು ಬೇಸಿಗೆಯ ಅವಧಿಯಾಗಿರುತ್ತದೆ. ಈ ಅವಧಿಯಲ್ಲಿ ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ತಂಪು ಹವೆಗೆ ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ ತಿಂಗಳಿನಲ್ಲಿ 39.2 ಡಿಗ್ರಿ ಉಷ್ಣಾಂಶ ದಾಖಲಾಗಿತ್ತು. ಶಾಲೆಗಳಿಗೆ ರಜೆ, ಮದುವೆ, ಗೃಹಪ್ರವೇಶ, ಜಾತ್ರೆ ಮುಂತಾದವುಗಳು ಕೂಡಿ ಬರುವ ಕಾಲವೂ ಇದೇ ಆಗಿರುವುದರಿಂದ, ಕುಟುಂಬಗಳು ಸ್ವಂತ ವಾಹನಗಳಲ್ಲಿ ದೂರದ ಊರುಗಳಿಗೆ ಪ್ರಯಾಣಿಸುವುದು ಹೆಚ್ಚು. ವಾಹನದಲ್ಲಿ ಜನರೂ ಸಾಮಾನೂ ತುಂಬಿರುತ್ತವೆ, ರಸ್ತೆ ಕಾದಿರುತ್ತದೆ, ವೇಗವೂ ಹೆಚ್ಚಿರುತ್ತದೆ. ಚಲಿಸುತ್ತಿರುವಾಗ ಟೈರು ಸಿಡಿದು ಸಂಭವಿಸುವ ಅಪಘಾತಗಳಿಗೆ ಇಂತಹ ಸಂದರ್ಭವು ಅನುಕೂಲಕರವಾಗಿ ಪರಿಣಮಿಸುತ್ತದೆ.

ಬೇಸಿಗೆಯಲ್ಲಿ ಟೈರುಗಳಿಗೆ ಎಷ್ಟು ಗಾಳಿ ತುಂಬಿಸಬೇಕು ಎಂಬ ವಿಷಯದಲ್ಲಿ ವಾಹನ ಮಾಲೀಕರಲ್ಲಿ ಹಾಗೂ ಚಾಲಕರಲ್ಲಿ ಹಲವು ತಪ್ಪು ತಿಳುವಳಿಕೆಗಳಿವೆ. "ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಆದ್ದರಿಂದ ಸ್ವಲ್ಪ ಕಡಿಮೆ ಇರಲಿ" ಎಂಬ ಮಾತು ಇವುಗಳಲ್ಲಿ ಮುಖ್ಯವಾದುದು. ಈ ಮಾತಿನ ಮೊದಲ ಭಾಗ ಸರಿಯಾದರೂ ಎರಡನೆಯ ಭಾಗ ಅಪಾಯಕಾರಿಯಾದುದು. ಇದಕ್ಕೆ ಕಾರಣವನ್ನು ಹಾಗೂ ಅನುಸರಿಸಬೇಕಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಟೈರಿನೊಳಗಿನ ಗಾಳಿಯ ಕೆಲಸ

ವಾಹನದ ಭಾರವನ್ನು ಹೊರುವುದು ಟೈರಿನ ರಬ್ಬರು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವವಾಗಿ ಭಾರದ ಬಹುಪಾಲನ್ನು ಹೊರುವುದು ಅದರೊಳಗೆ ಅದುಮಿ ತುಂಬಿರುವ ಗಾಳಿ. ರಬ್ಬರು, ನೂಲಿನ ಪದರಗಳು ಹಾಗೂ ಉಕ್ಕಿನ ತಂತಿಗಳು ಆ ಗಾಳಿಯನ್ನು ಹಿಡಿದಿಡುವ ಚೀಲದ ಕೆಲಸವನ್ನು ಮಾಡುತ್ತವೆ.

ಗಾಳಿಯ ಒತ್ತಡವನ್ನು ನಮ್ಮಲ್ಲಿ ಸಾಮಾನ್ಯವಾಗಿ ಪಿಎಸ್‌ಐ, ಅಂದರೆ ಒಂದು ಚದರ ಅಂಗುಲದ ಮೇಲೆ ಬೀಳುವ ಪೌಂಡುಗಳ ಲೆಕ್ಕದಲ್ಲಿ ಅಳೆಯಲಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ "ಮೂವತ್ತಮೂರು ಹಾಕಿ" ಎಂದು ಹೇಳುವುದು ಇದೇ ಲೆಕ್ಕದಲ್ಲಿ. ಉದಾಹರಣೆಗೆ, ಪ್ರಯಾಣಿಕರೂ ಸೇರಿ 1,500 ಕಿಲೋಗ್ರಾಂ ತೂಗುವ ಒಂದು ಕಾರನ್ನು ತೆಗೆದುಕೊಳ್ಳಬಹುದು. ಇದು ಸುಮಾರು 3,300 ಪೌಂಡ್ ಆಗುತ್ತದೆ. ಟೈರುಗಳಲ್ಲಿ 33 ಪಿಎಸ್‌ಐ ಒತ್ತಡವಿದ್ದರೆ, ಈ ಭಾರವನ್ನು ಹೊರಲು ನಾಲ್ಕೂ ಟೈರುಗಳು ಸೇರಿ ಸುಮಾರು 100 ಚದರ ಅಂಗುಲದಷ್ಟು ನೆಲವನ್ನು ತಾಗಬೇಕಾಗುತ್ತದೆ. ಎಂದರೆ ಒಂದೊಂದು ಟೈರು ನೆಲಕ್ಕೆ ತಾಗುವುದು ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ.

ಒತ್ತಡವು 25 ಪಿಎಸ್‌ಐಗೆ ಇಳಿದರೆ ಅದೇ ಭಾರಕ್ಕೆ ಸುಮಾರು 132 ಚದರ ಅಂಗುಲ ಬೇಕಾಗುತ್ತದೆ. ಆದ್ದರಿಂದ ಟೈರು ಹೆಚ್ಚು ಚಪ್ಪಟೆಯಾಗುತ್ತದೆ ಹಾಗೂ ಅದರ ಪಕ್ಕದ ಗೋಡೆಗಳು ಹೆಚ್ಚು ಬಾಗುತ್ತವೆ. ಗಾಳಿ ಕಡಿಮೆಯಾದ ಟೈರಿನಿಂದ ಉಂಟಾಗುವ ಎಲ್ಲ ತೊಂದರೆಗಳ ಮೂಲವೂ ಈ ಹೆಚ್ಚುವರಿ ಬಾಗುವಿಕೆಯೇ ಆಗಿರುತ್ತದೆ.

2. ಶಾಖ ಹೆಚ್ಚಿದಂತೆ ಒತ್ತಡ ಹೆಚ್ಚುವುದೇಕೆ?

ಗಾಳಿಯು ಕಣ್ಣಿಗೆ ಕಾಣದ ಅಸಂಖ್ಯಾತ ಅಣುಗಳಿಂದ ಕೂಡಿದೆ. ಈ ಅಣುಗಳು ಸದಾ ಚಲಿಸುತ್ತಾ, ಟೈರಿನ ಒಳಗೋಡೆಗೆ ಬಡಿಯುತ್ತಿರುತ್ತವೆ. ಈ ಬಡಿತಗಳ ಒಟ್ಟು ಫಲವೇ ಒತ್ತಡ. ಗಾಳಿಯು ಕಾದಂತೆ ಅಣುಗಳ ವೇಗ ಹೆಚ್ಚುತ್ತದೆ, ಬಡಿತವೂ ಬಲವಾಗುತ್ತದೆ. ಗಾಳಿಗೆ ಹಿಗ್ಗಲು ಸ್ಥಳವಿದ್ದರೆ ಅದು ಹಿಗ್ಗುತ್ತದೆ. ಆದರೆ ಟೈರಿನ ಒಳಗಿನ ಸ್ಥಳ ಹೆಚ್ಚುಕಡಿಮೆ ಸ್ಥಿರವಾಗಿರುವುದರಿಂದ ಹಿಗ್ಗಲು ಅವಕಾಶವಿಲ್ಲದೆ ಒತ್ತಡವೇ ಹೆಚ್ಚುತ್ತದೆ. ಮುಚ್ಚಿದ ಪಾತ್ರೆಯಲ್ಲಿನ ಗಾಳಿಯ ಉಷ್ಣಾಂಶಕ್ಕೂ ಒತ್ತಡಕ್ಕೂ ಇರುವ ಈ ಸಂಬಂಧವನ್ನು ಫ್ರಾನ್ಸ್ ದೇಶದ ಗಿಯೋಮ್ ಅಮೊಂಟೊನ್ ಎಂಬ ವಿಜ್ಞಾನಿಯು 1700ರ ಆಸುಪಾಸಿನಲ್ಲಿಯೇ ಪ್ರಯೋಗಗಳಿಂದ ಗುರುತಿಸಿದ್ದನು.

ಈ ಲೆಕ್ಕವನ್ನು ಮಾಡುವಾಗ ಎರಡು ಅಂಶಗಳನ್ನು ಗಮನದಲ್ಲಿರಿಸಿಕೊಳ್ಳಬೇಕಾಗುತ್ತದೆ.

(ಅ) ಸೆಲ್ಸಿಯಸ್ ಮಾಪಕದ ಸೊನ್ನೆಯು ನೀರು ಹೆಪ್ಪುಗಟ್ಟುವ ಮಟ್ಟವೇ ಹೊರತು ಶಾಖವೇ ಇಲ್ಲದ ಮಟ್ಟವಲ್ಲ. ಶಾಖದ ನಿಜವಾದ ಸೊನ್ನೆಯು ಅದಕ್ಕಿಂತ ಸುಮಾರು 273 ಡಿಗ್ರಿ ಕೆಳಗಿದೆ. ಆದ್ದರಿಂದ 25 ಡಿಗ್ರಿಯನ್ನು 298 ಎಂದೂ 55 ಡಿಗ್ರಿಯನ್ನು 328 ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 25 ಡಿಗ್ರಿಯಿಂದ 50 ಡಿಗ್ರಿಗೆ ಏರಿದ ಮಾತ್ರಕ್ಕೆ ಟೈರಿನ ಒತ್ತಡ ಎರಡು ಪಟ್ಟಾಗುವುದಿಲ್ಲ.

(ಆ) ಗಾಳಿ ತುಂಬುವ ಯಂತ್ರದ ಮಾಪಕವು ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಟೈರಿನೊಳಗೆ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು ಮಾತ್ರ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡವೇ ಸುಮಾರು 14.7 ಪಿಎಸ್‌ಐ ಇರುತ್ತದೆ. ಮಾಪಕವು 33 ತೋರಿಸಿದಾಗ ಟೈರಿನೊಳಗಿನ ಒಟ್ಟು ಒತ್ತಡ 47.7 ಆಗಿರುತ್ತದೆ. ಶಾಖಕ್ಕೆ ತಕ್ಕಂತೆ ಏರುವುದು ಈ ಒಟ್ಟು ಮೊತ್ತವೇ.

3. ಲೆಕ್ಕದ ವಿವರ

25 ಡಿಗ್ರಿ ಉಷ್ಣಾಂಶದಲ್ಲಿ 33 ಪಿಎಸ್‌ಐ ಗಾಳಿ ತುಂಬಿಸಿದ ಕಾರಿನ ಟೈರಿನಲ್ಲಿ, ಒಳಗಿನ ಗಾಳಿಯ ಉಷ್ಣಾಂಶ ಬದಲಾದಂತೆ ಮಾಪಕವು ತೋರಿಸುವ ಒತ್ತಡವು ಈ ಕೆಳಕಂಡಂತೆ ಇರುತ್ತದೆ.

15 ಡಿಗ್ರಿಯಲ್ಲಿ: 31.4 ಪಿಎಸ್‌ಐ
25 ಡಿಗ್ರಿಯಲ್ಲಿ: 33.0 ಪಿಎಸ್‌ಐ
35 ಡಿಗ್ರಿಯಲ್ಲಿ: 34.6 ಪಿಎಸ್‌ಐ
45 ಡಿಗ್ರಿಯಲ್ಲಿ: 36.2 ಪಿಎಸ್‌ಐ
55 ಡಿಗ್ರಿಯಲ್ಲಿ: 37.8 ಪಿಎಸ್‌ಐ
65 ಡಿಗ್ರಿಯಲ್ಲಿ: 39.4 ಪಿಎಸ್‌ಐ

ಎಂದರೆ, ಕಾರಿನ ಟೈರಿನಲ್ಲಿ ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಒಂದೂವರೆ ಪಿಎಸ್‌ಐನಷ್ಟು ಒತ್ತಡ ಹೆಚ್ಚುತ್ತದೆ. ಉಷ್ಣಾಂಶ ಇಳಿದಾಗ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. 110 ಪಿಎಸ್‌ಐ ತುಂಬಿಸುವ ಲಾರಿಯ ಟೈರಿನಲ್ಲಿ ಪ್ರತಿ 10 ಡಿಗ್ರಿಗೆ ಆಗುವ ಏರಿಕೆಯು ಸುಮಾರು 4 ಪಿಎಸ್‌ಐ ಆಗಿರುತ್ತದೆ.

ಟೈರುಗಳ ತಯಾರಕರಿಗೆ ಈ ಏರಿಕೆಯು ತಿಳಿಯದ ವಿಷಯವೇನಲ್ಲ. ಟೈರು ಓಡುವಾಗ ಕಾಯುತ್ತದೆ ಹಾಗೂ ಒತ್ತಡ ಏರುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು ಟೈರನ್ನು ರೂಪಿಸಲಾಗಿರುತ್ತದೆ. ವಾಹನ ತಯಾರಕರು ಸೂಚಿಸುವ ಒತ್ತಡವು ತಣ್ಣಗಿರುವ ಟೈರಿನ ಒತ್ತಡವಾಗಿರುತ್ತದೆ.

4. ಟೈರಿಗೆ ಶಾಖ ಬರುವ ಮೂಲಗಳು

(ಅ) ಹವೆ: ಕಲಬುರಗಿಯಲ್ಲಿ ಚಳಿಗಾಲದ ಮುಂಜಾನೆ 15 ಡಿಗ್ರಿಯಲ್ಲಿ ಗಾಳಿ ತುಂಬಿಸಿದ ಟೈರಿನಲ್ಲಿ, ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ಇರುವಾಗ, ವಾಹನ ನಿಂತಲ್ಲಿಯೇ ಇದ್ದರೂ 4 ಪಿಎಸ್‌ಐಗಿಂತ ಹೆಚ್ಚು ಏರಿಕೆ ಕಂಡುಬರುತ್ತದೆ, ಈ ನಡುವೆ ಗಾಳಿ ಸೋರಿರಬಾರದು ಅಷ್ಟೆ.

(ಆ) ಬಿಸಿಲು ಮತ್ತು ರಸ್ತೆ: ನೇರ ಬಿಸಿಲಿಗೆ ಒಡ್ಡಿದ ಡಾಂಬರು ರಸ್ತೆಯ ಮೇಲ್ಮೈ ಹವೆಗಿಂತ ಬಹಳ ಹೆಚ್ಚು ಕಾಯುತ್ತದೆ. ಹವೆ 40 ಡಿಗ್ರಿ ಇರುವ ಮಧ್ಯಾಹ್ನ ರಸ್ತೆಯು 60 ಡಿಗ್ರಿಗೂ ಮೀರಿ ಕಾದಿರಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದ ಬಿಸಿಲು ಬಿದ್ದ ಪಕ್ಕದ ಟೈರುಗಳು ನೆರಳಿನ ಪಕ್ಕದ ಟೈರುಗಳಿಗಿಂತ ಹೆಚ್ಚು ಒತ್ತಡ ತೋರಿಸುವುದಕ್ಕೆ ಬಿಸಿಲೇ ಕಾರಣ.

(ಇ) ಟೈರಿನ ಬಾಗುವಿಕೆ: ಇದು ಅತಿ ಮುಖ್ಯವಾದ ಮೂಲ. ಚಕ್ರವು ಒಂದು ಸುತ್ತು ಉರುಳುವಾಗ ಟೈರಿನ ಪ್ರತಿಯೊಂದು ಭಾಗವೂ ಒಮ್ಮೆ ನೆಲಕ್ಕೆ ಅದುಮಿ, ಬಾಗಿ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಬಾಗಲು ಬಳಕೆಯಾದ ಶಕ್ತಿಯನ್ನು ರಬ್ಬರು ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಉಳಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಬಾಗಿದ ಜಾಗ ಬಿಸಿಯಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರಿನ ಚಕ್ರವು ನಿಮಿಷಕ್ಕೆ 800ಕ್ಕೂ ಹೆಚ್ಚು ಬಾರಿ ಸುತ್ತುತ್ತದೆ. ವೇಗ, ಭಾರ ಹಾಗೂ ಗಾಳಿಯ ಕೊರತೆ, ಈ ಮೂರೂ ಟೈರಿನ ಶಾಖವನ್ನು ಹೆಚ್ಚಿಸುತ್ತವೆ.

(ಈ) ಬ್ರೇಕು: ಘಟ್ಟ ಇಳಿಯುವಾಗ ಸತತವಾಗಿ ಬ್ರೇಕು ಒತ್ತುವುದರಿಂದ ಬ್ರೇಕಿನ ಶಾಖವು ರಿಮ್ಮಿನ ಮೂಲಕ ಟೈರಿಗೂ ತಲುಪುತ್ತದೆ.

5. ಟೈರು ಸಿಡಿಯುವುದಕ್ಕೆ ನಿಜವಾದ ಕಾರಣ

ಟೈರು ಬಿಸಿಯಾಗಿ, ಒಳಗಿನ ಒತ್ತಡ ತಾಳಲಾರದೆ ಬಲೂನಿನಂತೆ ಒಡೆಯುತ್ತದೆ ಎಂಬ ಕಲ್ಪನೆ ಸಾಮಾನ್ಯವಾಗಿದೆ. ಆದರೆ ಸುಸ್ಥಿತಿಯಲ್ಲಿರುವ ಟೈರು ಸಾಮಾನ್ಯ ಬಳಕೆಯ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚು ಒತ್ತಡವನ್ನು ತಾಳುವಂತೆ ತಯಾರಾಗಿರುತ್ತದೆ. 33 ಇದ್ದುದು 38 ಅಥವಾ 39 ಆದ ಮಾತ್ರಕ್ಕೆ ಅದು ಒಡೆಯುವುದಿಲ್ಲ.

ನಿಜವಾದ ಕ್ರಮ ಹೀಗಿದೆ. ಗಾಳಿ ಕಡಿಮೆ ಇರುವ ಅಥವಾ ಅತಿಭಾರ ಹೊತ್ತ ಟೈರು ಹೆಚ್ಚು ಬಾಗುತ್ತದೆ. ಹೆಚ್ಚು ಬಾಗಿದ್ದರಿಂದ ಹೆಚ್ಚು ಕಾಯುತ್ತದೆ. ಕಾದಂತೆ ರಬ್ಬರು ಬಲ ಕಳೆದುಕೊಂಡು, ರಬ್ಬರಿಗೂ ಒಳಗಿನ ಪದರಗಳಿಗೂ ಇರುವ ಅಂಟು ಸಡಿಲವಾಗುತ್ತದೆ. ಪದರಗಳು ಬೇರ್ಪಟ್ಟ ಮೇಲೆ ಅಥವಾ ಪಕ್ಕದ ಗೋಡೆಯ ಎಳೆಗಳು ತುಂಡಾದ ಮೇಲೆ, ಸಾಮಾನ್ಯ ಒತ್ತಡವನ್ನೂ ತಾಳಲಾರದೆ ಟೈರು ಸಿಡಿಯುತ್ತದೆ. ಆದುದರಿಂದ ಬೇಸಿಗೆಯಲ್ಲಿ ಸಿಡಿಯುವ ಟೈರಿನ ಕಥೆಯು ಬಹುಮಟ್ಟಿಗೆ ಗಾಳಿ ಹೆಚ್ಚಾದ ಕಥೆಯಲ್ಲ, ಗಾಳಿ ಕಡಿಮೆಯಾದ ಕಥೆ.

ಸರಿಯಾದ ಪ್ರಮಾಣದ ಗಾಳಿ ಇರುವ ಟೈರಿನಲ್ಲಿ ಒಂದು ಸ್ವಯಂ ನಿಯಂತ್ರಣವೂ ಇದೆ. ಟೈರು ಕಾದಂತೆ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಬಾಗುವಿಕೆ ಕಡಿಮೆಯಾಗುತ್ತದೆ. ಆಗ ಶಾಖದ ಉತ್ಪತ್ತಿಯೂ ತಗ್ಗುತ್ತದೆ. ಹೀಗೆ ಒಂದು ಹಂತದಲ್ಲಿ ಟೈರು ಸ್ಥಿರವಾದ ಉಷ್ಣಾಂಶಕ್ಕೆ ಬಂದು ನಿಲ್ಲುತ್ತದೆ. ದಾರಿಯಲ್ಲಿ ಬಿಸಿ ಟೈರಿನಿಂದ ಗಾಳಿ ಬಿಡುವವರು ಈ ನಿಯಂತ್ರಣವನ್ನು ತಾವೇ ಕೆಡಿಸಿದಂತಾಗುತ್ತದೆ.

ಈ ವಿಷಯದ ಗಂಭೀರತೆಯನ್ನು ತಿಳಿಸುವ ಘಟನೆಯೊಂದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನಡೆದಿದೆ. 2000ನೇ ಇಸವಿಯಲ್ಲಿ ಅಲ್ಲಿ ಟೈರಿನ ಪದರಗಳು ಬೇರ್ಪಟ್ಟು ವಾಹನಗಳು ಮಗುಚಿದ ಪ್ರಕರಣಗಳ ಹಿನ್ನೆಲೆಯಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಟೆಕ್ಸಾಸ್, ಫ್ಲಾರಿಡಾ, ಅರಿಜೋನಾ, ಕ್ಯಾಲಿಫೋರ್ನಿಯಾ ಮುಂತಾದ ಬಿಸಿ ಹವೆಯ ರಾಜ್ಯಗಳಲ್ಲಿಯೇ ಪ್ರಕರಣಗಳು ಹೆಚ್ಚಾಗಿದ್ದವು. ಟೈರುಗಳ ತಯಾರಿಕೆಯ ದೋಷಗಳ ಜೊತೆಗೆ ಗಾಳಿಯ ಒತ್ತಡ ಕಡಿಮೆ ಇದ್ದುದು, ಭಾರ ಮತ್ತು ವೇಗ ಇವುಗಳೂ ಚರ್ಚೆಗೆ ಬಂದವು. ಅದೇ ವರ್ಷ ಅಲ್ಲಿ ಹೊಸ ಕಾಯ್ದೆಯೊಂದು ಜಾರಿಗೆ ಬಂದು, ಅದರ ಫಲವಾಗಿ 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಲಘು ವಾಹನಗಳಲ್ಲಿ ಟೈರಿನ ಒತ್ತಡ ಇಳಿದರೆ ಚಾಲಕನನ್ನು ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಯಿತು.

6. ಒಂದು ಪ್ರಯಾಣದ ಉದಾಹರಣೆ

ವಿಷಯವು ಸ್ಪಷ್ಟವಾಗಲೆಂದು ಒಂದು ಊಹೆಯ ಉದಾಹರಣೆಯನ್ನು ಕೊಡಲಾಗಿದೆ. ಏಪ್ರಿಲ್ ತಿಂಗಳಿನಲ್ಲಿ ಒಂದು ಕುಟುಂಬವು ಹೊಸಪೇಟೆಯ ಬಂಧುಗಳ ಮನೆಯ ಮದುವೆಗೆಂದು ಬೆಂಗಳೂರಿನಿಂದ ಮುಂಜಾನೆ ಹೊರಡುತ್ತದೆ. ಉಷ್ಣಾಂಶ 22 ಡಿಗ್ರಿ. ಟೈರುಗಳಲ್ಲಿ ಸರಿಯಾಗಿ 33 ಪಿಎಸ್‌ಐ ಇದೆ. ಹಿರಿಯೂರಿನ ಹತ್ತಿರ ತಿಂಡಿಗೆ ನಿಲ್ಲಿಸಿ, ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಿದಾಗ ಮಾಪಕವು 37 ತೋರಿಸುತ್ತದೆ. ಹೆದ್ದಾರಿಯಲ್ಲಿ ಸತತವಾಗಿ ಓಡಿದ್ದರಿಂದ ಒಳಗಿನ ಗಾಳಿಯು ಸುಮಾರು 50 ಡಿಗ್ರಿಯವರೆಗೆ ಕಾದಿರುವುದೇ ಇದಕ್ಕೆ ಕಾರಣ. "ಜಾಸ್ತಿ ಇದೆ ಸಾರ್, ಬಿಸಿಲಿಗೆ ಒಡೆದು ಹೋಗುತ್ತದೆ" ಎಂಬ ಸಲಹೆಯಂತೆ ನಾಲ್ಕೂ ಟೈರುಗಳಿಂದ ಗಾಳಿ ಬಿಟ್ಟು 33ಕ್ಕೆ ತರಲಾಗುತ್ತದೆ.

ಮರುದಿನ ಮುಂಜಾನೆ ಹೊಸಪೇಟೆಯಲ್ಲಿ 25 ಡಿಗ್ರಿಗೆ ತಣಿದ ಅದೇ ಟೈರುಗಳಲ್ಲಿ ಉಳಿದಿರುವುದು ಸುಮಾರು 29 ಪಿಎಸ್‌ಐ ಮಾತ್ರ. ಇರಬೇಕಾದುದಕ್ಕಿಂತ ಶೇಕಡ 12ರಷ್ಟು ಕಡಿಮೆ. ಹಿಂದಿರುಗುವಾಗ ಮದುವೆಯ ಸಾಮಾನುಗಳ ಭಾರವೂ ಸೇರಿ, ಮಧ್ಯಾಹ್ನದ ಬಿಸಿಲಿನಲ್ಲಿ, ಈ ಕೊರತೆಯ ಟೈರುಗಳ ಮೇಲೆಯೇ 300ಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ನಡೆಯುತ್ತದೆ. ಸುರಕ್ಷತೆಗೆಂದು ಮಾಡಿದ ಕ್ರಮವೇ ಅಪಾಯವನ್ನು ಹೆಚ್ಚಿಸಿದೆ.

ಇಂತಹ ಸಂದರ್ಭದಲ್ಲಿ ವಾಹನದಲ್ಲಿ ಎಚ್ಚರಿಕೆಯ ದೀಪವಿದ್ದರೂ ಅದು ಹೊತ್ತುವ ಖಾತ್ರಿ ಇಲ್ಲ. ಮೇಲೆ ಹೇಳಿದ ಅಮೆರಿಕಾದ ನಿಯಮದ ಪ್ರಕಾರ ಒತ್ತಡವು ಶೇಕಡ 25ರಷ್ಟು ಇಳಿದಾಗ ದೀಪ ಹೊತ್ತಬೇಕಾಗುತ್ತದೆ. ಎಂದರೆ 33 ಇರಬೇಕಾದ ಟೈರಿನಲ್ಲಿ ಸುಮಾರು 25ಕ್ಕೆ ಇಳಿದಾಗ. ಆದ್ದರಿಂದ ದೀಪ ಹೊತ್ತಿಲ್ಲವೆಂಬ ಕಾರಣಕ್ಕೆ ಗಾಳಿ ಸರಿಯಾಗಿದೆ ಎಂದು ಭಾವಿಸತಕ್ಕದ್ದಲ್ಲ.

7. ಒತ್ತಡವನ್ನು ಅಳೆಯುವ ಕ್ರಮ

(ಅ) ಟೈರು ತಣ್ಣಗಿರುವಾಗ ಮಾತ್ರ ಅಳೆಯತಕ್ಕದ್ದು. ವಾಹನ ನಿಲ್ಲಿಸಿ ಕನಿಷ್ಠ 3 ಗಂಟೆಗಳಾಗಿರಬೇಕು ಅಥವಾ ನಿಧಾನವಾಗಿ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಮುಂಜಾನೆಯ ಹೊತ್ತು ಇದಕ್ಕೆ ಸೂಕ್ತ.

(ಆ) ಎಷ್ಟು ಒತ್ತಡವಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲಿನ ಚೀಟಿಯಲ್ಲಿ, ಇಂಧನ ಟ್ಯಾಂಕಿನ ಮುಚ್ಚಳದ ಒಳಭಾಗದಲ್ಲಿ ಅಥವಾ ವಾಹನದ ಕೈಪಿಡಿಯಲ್ಲಿ ನಮೂದಾಗಿರುತ್ತದೆ. ಪೂರ್ಣ ಭಾರಕ್ಕೆ ಬೇರೆ ಅಂಕಿ ಕೊಟ್ಟಿದ್ದಲ್ಲಿ, ಕುಟುಂಬ ಸಮೇತ ಪ್ರಯಾಣಿಸುವಾಗ ಅದನ್ನೇ ಅನುಸರಿಸತಕ್ಕದ್ದು.

(ಇ) ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡದ ಅಂಕಿಯು ಆ ಟೈರಿನ ಮಿತಿಯೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ.

(ಈ) ಮನೆಯಿಂದ ಬಂಕು ದೂರವಿದ್ದಲ್ಲಿ ಕೊರತೆಯ ಲೆಕ್ಕವನ್ನು ಅನುಸರಿಸಬಹುದು. ಮುಂಜಾನೆ ಮನೆಯಲ್ಲಿಯೇ ಸಣ್ಣ ಮಾಪಕದಿಂದ ಅಳೆದಾಗ 28 ಬಂದಿದ್ದು, ಇರಬೇಕಾದುದು 33 ಆಗಿದ್ದರೆ ಕೊರತೆ 5. ಬಂಕು ತಲುಪುವಷ್ಟರಲ್ಲಿ ಟೈರು ಕಾದು ಮಾಪಕವು 31 ತೋರಿಸಿದರೆ, 31ಕ್ಕೆ ಕೊರತೆಯ 5ನ್ನು ಕೂಡಿಸಿ 36ಕ್ಕೆ ತುಂಬಿಸಬೇಕು. ಬರೀ 33ಕ್ಕೆ ನಿಲ್ಲಿಸಿದರೆ ಕೊರತೆಯ ಒಂದು ಭಾಗ ಮಾತ್ರ ತೀರಿದಂತಾಗುತ್ತದೆ.

(ಉ) ದಾರಿಯಲ್ಲಿ ಬಿಸಿ ಟೈರಿನ ಒತ್ತಡ ಹೆಚ್ಚಿದೆಯೆಂದು ಗಾಳಿ ಬಿಡತಕ್ಕದ್ದಲ್ಲ. ಆದರೆ ಬಿಸಿ ಇರುವಾಗಲೂ ಒಂದು ಟೈರು ಸೂಚಿತ ಪ್ರಮಾಣಕ್ಕಿಂತ ಕಡಿಮೆ ತೋರಿಸಿದರೆ ಅದು ಸೋರುತ್ತಿರುವ ಲಕ್ಷಣ, ಕೂಡಲೇ ಪರೀಕ್ಷಿಸಬೇಕು.

(ಊ) ಯಾವ ತೂತೂ ಇಲ್ಲದ ಟೈರಿನಿಂದಲೂ ರಬ್ಬರಿನ ಮೂಲಕ ತಿಂಗಳಿಗೆ ಒಂದೆರಡು ಪಿಎಸ್‌ಐ ಸೋರಿಕೆಯಾಗುವುದು ಸಹಜ. ಆದ್ದರಿಂದ ಕನಿಷ್ಠ 15 ದಿನಗಳಿಗೊಮ್ಮೆ ಹಾಗೂ ಪ್ರತಿ ದೂರ ಪ್ರಯಾಣಕ್ಕೆ ಮೊದಲು ಅಳೆಯುವುದು ಒಳ್ಳೆಯದು. ಸ್ಟೆಪ್ನಿಯನ್ನೂ ಮರೆಯಬಾರದು. ಪೆಟ್ರೋಲ್ ಬಂಕುಗಳಲ್ಲಿ ಗಾಳಿ ತುಂಬಿಸುವ ಸೌಲಭ್ಯ ಉಚಿತವಾಗಿರುತ್ತದೆ.

8. ಘಟ್ಟ ಪ್ರದೇಶದ ಪ್ರಯಾಣ

ಎತ್ತರಕ್ಕೆ ಹೋದಂತೆ ವಾತಾವರಣದ ಒತ್ತಡ ಕಡಿಮೆಯಾಗುತ್ತದೆ. ಸಮುದ್ರ ತೀರದ ಮಂಗಳೂರಿನಿಂದ ಸಂಪಾಜೆ ಮಾರ್ಗವಾಗಿ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಬಂದಾಗ, ಟೈರಿನೊಳಗಿನ ಗಾಳಿ ಅಷ್ಟೇ ಇದ್ದರೂ ಮಾಪಕವು ಸುಮಾರು 2 ಪಿಎಸ್‌ಐ ಹೆಚ್ಚು ತೋರಿಸಬಹುದು. ಆದರೆ ಮಡಿಕೇರಿಯ ತಂಪು ಹವೆಯು ಇದರ ಬಹುಪಾಲನ್ನು ವಜಾ ಮಾಡುತ್ತದೆ. ಒಂದೆರಡು ದಿನಗಳ ಪ್ರವಾಸಕ್ಕಾಗಿ ಗಾಳಿಯನ್ನು ಹೆಚ್ಚುಕಡಿಮೆ ಮಾಡಿಸುವ ಅಗತ್ಯವಿರುವುದಿಲ್ಲ.

ಶಿರಾಡಿ, ಚಾರ್ಮಾಡಿ, ಆಗುಂಬೆ ಮುಂತಾದ ಘಟ್ಟಗಳನ್ನು ಇಳಿಯುವಾಗ ಏರಲು ಬಳಸುವಂತಹ ಕೆಳಗಿನ ಗೇರಿನಲ್ಲಿಯೇ ಇಳಿಯುವುದು ಸೂಕ್ತ. ಇದರಿಂದ ಬ್ರೇಕು ಮತ್ತು ಟೈರು ಎರಡೂ ಅತಿಯಾಗಿ ಕಾಯುವುದು ತಪ್ಪುತ್ತದೆ.

9. ತಪ್ಪು ತಿಳುವಳಿಕೆಗಳು ಮತ್ತು ವಾಸ್ತವಾಂಶ

ತಿಳುವಳಿಕೆ: ಬೇಸಿಗೆಯಲ್ಲಿ ಸೂಚಿತ ಪ್ರಮಾಣಕ್ಕಿಂತ ಮೂರು ನಾಲ್ಕು ಪಿಎಸ್‌ಐ ಕಡಿಮೆ ಇಡಬೇಕು.
ವಾಸ್ತವ: ಸೂಚಿತ ಪ್ರಮಾಣವು ಎಲ್ಲ ಋತುಗಳಿಗೂ ಒಂದೇ. ಕಡಿಮೆ ಇಟ್ಟ ಟೈರು ಹೆಚ್ಚು ಕಾಯುತ್ತದೆ.

ತಿಳುವಳಿಕೆ: ಗಾಳಿ ಎಷ್ಟು ಹೆಚ್ಚಿದ್ದರೂ ಮೈಲೇಜಿಗೆ ಒಳ್ಳೆಯದು.
ವಾಸ್ತವ: ಅತಿಯಾದ ಒತ್ತಡದಿಂದ ಟೈರಿನ ಮಧ್ಯಭಾಗ ಮಾತ್ರ ನೆಲಕ್ಕೆ ತಾಗಿ ಬೇಗ ಸವೆಯುತ್ತದೆ, ಹಿಡಿತ ತಗ್ಗುತ್ತದೆ, ಗುಂಡಿಗಳಿಗೆ ಬಿದ್ದಾಗ ಟೈರಿಗೂ ರಿಮ್ಮಿಗೂ ಪೆಟ್ಟಾಗುತ್ತದೆ. ಕೊರತೆಯಾದಾಗ ಎರಡೂ ಅಂಚುಗಳು ಸವೆಯುತ್ತವೆ ಹಾಗೂ ಇಂಧನದ ಖರ್ಚು ಹೆಚ್ಚುತ್ತದೆ. ಸೂಚಿತ ಪ್ರಮಾಣದಲ್ಲಿ ಎರಡೂ ನಷ್ಟಗಳಿಲ್ಲ.

ತಿಳುವಳಿಕೆ: ನೈಟ್ರೋಜನ್ ತುಂಬಿಸಿದರೆ ಶಾಖಕ್ಕೆ ಒತ್ತಡ ಏರುವುದಿಲ್ಲ.
ವಾಸ್ತವ: ಸಾಮಾನ್ಯ ಗಾಳಿಯಲ್ಲಿಯೇ ಶೇಕಡ 78ರಷ್ಟು ನೈಟ್ರೋಜನ್ ಇದೆ. ಶಾಖಕ್ಕೆ ಅದರ ಒತ್ತಡವೂ ಅದೇ ಲೆಕ್ಕದಲ್ಲಿ ಏರುತ್ತದೆ. ಅದರಲ್ಲಿ ನೀರಿನ ಅಂಶ ಇಲ್ಲದಿರುವುದು ಹಾಗೂ ಸೋರಿಕೆ ಸ್ವಲ್ಪ ನಿಧಾನವಾಗಿರುವುದು ಅನುಕೂಲಗಳು. ನೈಟ್ರೋಜನ್ ತುಂಬಿಸಿದವರೂ ನಿಯತವಾಗಿ ಅಳೆಯಲೇಬೇಕು.

ತಿಳುವಳಿಕೆ: ಕಾಂಕ್ರೀಟು ರಸ್ತೆಯೇ ಟೈರು ಸಿಡಿಯಲು ಕಾರಣ.
ವಾಸ್ತವ: ಹೊಸ ಹೆದ್ದಾರಿಗಳಲ್ಲಿ, ರಸ್ತೆ ಯಾವುದರದ್ದೇ ಆಗಿರಲಿ, ಗಂಟೆಗಟ್ಟಲೆ ಎಡೆಬಿಡದೆ ಹೆಚ್ಚು ವೇಗದಲ್ಲಿ ಓಡಿಸಲು ಅವಕಾಶವಿರುತ್ತದೆ. ಊರುಗಳ ನಡುವಿನ ರಸ್ತೆಯಲ್ಲಿ ನಿಂತು ನಿಂತು ಓಡುವಾಗ ಹೊರಬೀಳದ ಟೈರಿನ ದೋಷವು ಅಲ್ಲಿ ಹೊರಬೀಳುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಂತಹ ರಸ್ತೆಗಳಿಗೆ ಹೋಗುವ ಮೊದಲು ಟೈರುಗಳನ್ನು ಪರೀಕ್ಷಿಸುವುದು ಈ ಕಾರಣದಿಂದ ಅವಶ್ಯಕ.

10. ಭಾರೀ ವಾಹನಗಳು ಮತ್ತು ದ್ವಿಚಕ್ರ ವಾಹನಗಳು

ಲಾರಿ ಮತ್ತು ಬಸ್ಸುಗಳ ಹಿಂಬದಿಯಲ್ಲಿ ಜೋಡಿ ಟೈರುಗಳಿರುತ್ತವೆ. ಒಳಗಿನ ಟೈರಿನಲ್ಲಿ ಗಾಳಿ ಕಡಿಮೆಯಾದರೂ ಹೊರಗಿನಿಂದ ಕಾಣುವುದಿಲ್ಲ. ಅದರ ಭಾರವನ್ನೂ ಪಕ್ಕದ ಟೈರೇ ಹೊತ್ತು ಕಾಯುತ್ತದೆ. ರಾಡಿನಿಂದ ತಟ್ಟಿ ಶಬ್ದದ ಮೇಲೆ ಗಾಳಿಯನ್ನು ಅಂದಾಜು ಮಾಡುವ ರೂಢಿ ಇದೆ. ಪೂರ್ತಿ ಗಾಳಿ ಹೋದ ಟೈರನ್ನು ಹೀಗೆ ಪತ್ತೆ ಮಾಡಬಹುದಾದರೂ 20 ಪಿಎಸ್‌ಐನಷ್ಟು ಕೊರತೆಯನ್ನು ಶಬ್ದದಿಂದ ತಿಳಿಯುವುದು ಸಾಧ್ಯವಿಲ್ಲ. ಮಾಪಕವನ್ನೇ ಬಳಸತಕ್ಕದ್ದು. ನಿಗದಿತ ಮಿತಿಗಿಂತ ಹೆಚ್ಚು ಸರಕು ಹೇರುವುದು ಕಾನೂನಿನ ಉಲ್ಲಂಘನೆಯಾಗುವುದರ ಜೊತೆಗೆ, ಬೇಸಿಗೆಯಲ್ಲಿ ಟೈರಿನ ಆಯುಷ್ಯಕ್ಕೂ ಚಾಲಕನ ಪ್ರಾಣಕ್ಕೂ ಕುತ್ತು ತರುತ್ತದೆ.

ದ್ವಿಚಕ್ರ ವಾಹನಗಳಲ್ಲಿ ಒಂದು ಟೈರು ಸಿಡಿದರೆ ತೋಲ ಕಾಪಾಡಿಕೊಳ್ಳುವುದು ಬಹಳ ಕಷ್ಟ. ಹಿಂಬದಿ ಸವಾರ ಇರುವಾಗ ಹಿಂದಿನ ಟೈರಿಗೆ ಸೂಚಿಸಿರುವ ಹೆಚ್ಚಿನ ಒತ್ತಡವನ್ನೇ ಇರಿಸತಕ್ಕದ್ದು.

11. ನಿಯಮಗಳು ಮತ್ತು ಟೈರಿನ ಮೇಲಿನ ಗುರುತುಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 94ರಲ್ಲಿ ಟೈರುಗಳ ಸ್ಥಿತಿಯ ಬಗ್ಗೆ ತಿಳಿಸಲಾಗಿದೆ. ಅದರಂತೆ ಟೈರಿನ ಅಚ್ಚುಗಳ ಆಳವು ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳಲ್ಲಿ 0.8 ಮಿಲಿಮೀಟರಿಗಿಂತಲೂ ಇತರ ವಾಹನಗಳಲ್ಲಿ 1.6 ಮಿಲಿಮೀಟರಿಗಿಂತಲೂ ಕಡಿಮೆ ಇರಕೂಡದು. ಬೋಳಾದ ಟೈರು ಕಾನೂನಿನ ದೃಷ್ಟಿಯಿಂದಲೂ ಸುರಕ್ಷತೆಯ ದೃಷ್ಟಿಯಿಂದಲೂ ಬಳಕೆಗೆ ಅಯೋಗ್ಯ.

2020ರಲ್ಲಿ ಸದರಿ ನಿಯಮಗಳಿಗೆ ತಿದ್ದುಪಡಿ ತಂದು, 3.5 ಟನ್‌ವರೆಗಿನ ತೂಕದ ಪ್ರಯಾಣಿಕ ವಾಹನಗಳಲ್ಲಿ ಟ್ಯೂಬ್‌ಲೆಸ್ ಟೈರು, ಒತ್ತಡವನ್ನು ಗಮನಿಸುವ ವ್ಯವಸ್ಥೆ ಹಾಗೂ ಟೈರು ದುರಸ್ತಿಯ ಕಿಟ್ ಒದಗಿಸಿದ್ದಲ್ಲಿ ಸ್ಟೆಪ್ನಿ ಕಡ್ಡಾಯವಲ್ಲವೆಂದು ತಿಳಿಸಲಾಯಿತು. ಸ್ಟೆಪ್ನಿ ಇಲ್ಲದ ವಾಹನದ ಮಾಲೀಕರು ಸದರಿ ಕಿಟ್ಟನ್ನು ಬಳಸುವ ವಿಧಾನವನ್ನು ಪ್ರಯಾಣಕ್ಕೆ ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಟೈರು ಕೊಳ್ಳುವಾಗ ಐಎಸ್‌ಐ ಗುರುತನ್ನು ಹಾಗೂ ತಯಾರಿಕೆಯ ದಿನಾಂಕವನ್ನು ಪರಿಶೀಲಿಸಬೇಕು. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು. ಹೆಚ್ಚು ಓಡದೆ ನಿಂತಿದ್ದ ವಾಹನದ ಟೈರುಗಳ ಅಚ್ಚುಗಳು ಹೊಸತರಂತೆ ಕಂಡರೂ ಬಿಸಿಲಿಗೆ ಹಾಗೂ ಕಾಲಕ್ಕೆ ರಬ್ಬರು ಒಣಗಿ ಬಿರುಕು ಬಿಟ್ಟಿರಬಹುದು.

12. ಚಲಿಸುತ್ತಿರುವಾಗ ಟೈರು ಸಿಡಿದಲ್ಲಿ

(ಅ) ಗಾಬರಿಯಿಂದ ಬ್ರೇಕನ್ನು ಬಲವಾಗಿ ಒತ್ತಕೂಡದು. ಒತ್ತಿದರೆ ವಾಹನವು ಒಂದೇ ಪಕ್ಕಕ್ಕೆ ಎಳೆದು ಮಗುಚುವ ಸಾಧ್ಯತೆ ಇರುತ್ತದೆ.
(ಆ) ಎರಡೂ ಕೈಗಳಿಂದ ಸ್ಟಿಯರಿಂಗನ್ನು ಭದ್ರವಾಗಿ ಹಿಡಿದು ವಾಹನವನ್ನು ನೇರವಾಗಿ ಇರಿಸಬೇಕು. ಒಮ್ಮೆಲೇ ತಿರುಗಿಸಬಾರದು.
(ಇ) ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆದು, ವೇಗ ತಾನಾಗಿಯೇ ಇಳಿಯಲು ಬಿಡಬೇಕು.
(ಈ) ವೇಗ ಇಳಿದ ಮೇಲೆ ಇಂಡಿಕೇಟರ್ ಹಾಕಿ, ರಸ್ತೆಯ ಎಡ ಅಂಚಿಗೆ ತಂದು ನಿಲ್ಲಿಸಬೇಕು. ನಾಲ್ಕೂ ಇಂಡಿಕೇಟರುಗಳನ್ನು ಹಾಕಿ, ಹಿಂದೆ ಸಾಕಷ್ಟು ದೂರದಲ್ಲಿ ಎಚ್ಚರಿಕೆಯ ತ್ರಿಕೋನವನ್ನು ಇಡಬೇಕು.
(ಉ) ಪ್ರಯಾಣಿಕರನ್ನು, ಮುಖ್ಯವಾಗಿ ಮಕ್ಕಳನ್ನು, ರಸ್ತೆಯಿಂದ ದೂರ ನಿಲ್ಲಿಸಬೇಕು.
(ಊ) ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108 ಹಾಗೂ ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೆ ಕರೆ ಮಾಡಬಹುದು.

ಮುಂದಿನ ಹಾಗೂ ಹಿಂದಿನ ಆಸನಗಳಲ್ಲಿರುವವರೆಲ್ಲರೂ ಸೀಟ್ ಬೆಲ್ಟ್ ಧರಿಸಿರುವುದು ಇಂತಹ ಸಂದರ್ಭದಲ್ಲಿ ಪ್ರಾಣ ಉಳಿಸುವ ಸಾಧನವಾಗುತ್ತದೆ.

ಸಾರಾಂಶ

ಶಾಖಕ್ಕೆ ಟೈರಿನ ಒತ್ತಡ ಏರುವುದು ಪ್ರಕೃತಿಯ ನಿಯಮ. ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಟೈರನ್ನು ತಯಾರಿಸಲಾಗಿದೆ. ಬೇಸಿಗೆಯಲ್ಲಿ ಭಯಪಡಬೇಕಾದುದು ಬಿಸಿ ಟೈರಿನಲ್ಲಿ ಕಾಣುವ ನಾಲ್ಕೈದು ಪಿಎಸ್‌ಐ ಏರಿಕೆಗಲ್ಲ; ತಣ್ಣಗಿರುವಾಗ ಯಾರೂ ಗಮನಿಸದ ಕೊರತೆಗೆ, ಅತಿಭಾರಕ್ಕೆ, ಅತಿವೇಗಕ್ಕೆ ಹಾಗೂ ಸವೆದ ಟೈರಿಗೆ. ಒಂದು ಸಣ್ಣ ಮಾಪಕ ಹಾಗೂ ಮುಂಜಾನೆಯ ಐದು ನಿಮಿಷಗಳು, ಇವಿಷ್ಟೇ ಇದಕ್ಕೆ ತಗಲುವ ವೆಚ್ಚ. ಕುಟುಂಬದವರನ್ನು ಕೂರಿಸಿಕೊಂಡು ಹೊರಡುವ ಪ್ರತಿಯೊಬ್ಬ ಚಾಲಕರೂ ಈ ವೆಚ್ಚವನ್ನು ಮೊದಲು ಭರಿಸಿ, ನಂತರ ಪ್ರಯಾಣವನ್ನು ಆರಂಭಿಸಬೇಕೆಂದು ಕೋರಲಾಗಿದೆ.